ಐಸಿಯು ಸಾಧನಗಳ ಡೇಟಾಗೆ ಬ್ಲಾಕ್‌ಚೈನ್ ಕಾವಲು: ಸಾಧನದಿಂದ ಶುರು ಮಾಡಿ, ಚೈನ್ ಕೊನೆಗಿರಲಿ

ಐಸಿಯು ಮಾನಿಟರ್, ಇನ್‌ಫ್ಯೂಷನ್ ಪಂಪ್, ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರ್ ಇಂಥವುಗಳ ಡೇಟಾವನ್ನು ಬ್ಲಾಕ್‌ಚೈನ್‌ನಿಂದ (ಹಲವು ಸಂಸ್ಥೆಗಳು ತಲಾ ಒಂದು ಪ್ರತಿ ಇಟ್ಟುಕೊಳ್ಳುವ, ಗುಟ್ಟಾಗಿ ತಿದ್ದಲಾಗದ ದಾಖಲೆ ಪುಸ್ತಕ) ಕಾಯಲು ಹೊರಟವರು ಎಡವುವ ಜಾಗ ಸಾಮಾನ್ಯವಾಗಿ ಒಂದೇ. ಮೊದಲು ಚೈನ್ ಎಬ್ಬಿಸುತ್ತಾರೆ, ಆಮೇಲೆ ರೋಗಿಯ ಹೆಸರು, ನಾಡಿಬಡಿತ, ಆಮ್ಲಜನಕದ ಮಟ್ಟ ಎಲ್ಲವನ್ನೂ ನೇರವಾಗಿ ಅದಕ್ಕೆ ಸುರಿಯುತ್ತಾರೆ. ಡೆಮೊ ಚೆನ್ನಾಗಿಯೇ ನಡೆಯುತ್ತದೆ. "ಈ ರೀಡಿಂಗ್ ಆ ಮಾನಿಟರ್‌ನಿಂದಲೇ ಬಂತೆಂದು ಹೇಗೆ ನಂಬೋದು?", "ರೋಗಿ ಅಳಿಸಿ ಅಂದರೆ ಏನು ಮಾಡ್ತೀರಿ?" ಎಂದು ಯಾರಾದರೂ ಕೇಳಿದಾಗ ಮಾತ್ರ ಉತ್ತರ ಸಿಗುವುದಿಲ್ಲ.

ಈ ಮಾರ್ಗದರ್ಶಿಯಲ್ಲಿ ಕ್ರಮ ತಿರುವುಮುರುವು. ಸಾಧನದ ಗುರುತು ಮೊದಲು, ನಂತರ ಸಹಿ, ನಂತರ ಗೂಢಲಿಪಿಯ ಸಂಗ್ರಹ, ಎಲ್ಲ ಮುಗಿದ ಮೇಲೆ ಚೈನ್. ಉದಾಹರಣೆಗೆ 30 ಹಾಸಿಗೆಯ ಒಂದು ಐಸಿಯು ಇಟ್ಟುಕೊಳ್ಳೋಣ. ಪಕ್ಷಗಳು ಮೂರು: ಆಸ್ಪತ್ರೆ, ದೂರದಿಂದ ರೋಗಿಗಳನ್ನು ಗಮನಿಸುವ ಟೆಲಿ-ಐಸಿಯು ಕೇಂದ್ರ, ವಿಮಾ ಕಂಪನಿ. ಚೈನ್‌ಗೆ ಹೈಪರ್‌ಲೆಡ್ಜರ್ ಫ್ಯಾಬ್ರಿಕ್. ಸದಸ್ಯರಿಗಷ್ಟೇ ಪ್ರವೇಶವಿರುವ ಜಾಲ ಅದು. ನಾಣ್ಯ, ಗಣಿಗಾರಿಕೆಗಳ ಗೋಜಿಲ್ಲ.

## ಕೈ ಹಾಕುವ ಮೊದಲು: ನಿಮಗೆ ಚೈನ್ ಬೇಕೇ?

ಡೇಟಾ ಬರೆಯುವವರು, ಇಡುವವರು, ಓದುವವರು ಎಲ್ಲರೂ ಒಂದೇ ಆಸ್ಪತ್ರೆಯವರಾದರೆ ಬೇಡ. ಎಲ್ಲ ನೋಡ್‌ಗಳೂ (ಚೈನ್ ನಡೆಸುವ ಕಂಪ್ಯೂಟರ್‌ಗಳು) ಒಂದೇ ಸರ್ವರ್ ಕೋಣೆಯಲ್ಲಿದ್ದು, ಒಬ್ಬನೇ ಅಡ್ಮಿನ್ ಕೈಯಲ್ಲಿ ಎಲ್ಲದರ ಪಾಸ್‌ವರ್ಡ್ ಇದ್ದರೆ ಅದು ಲೆಕ್ಕ ಬರೆದವನೇ ಲೆಕ್ಕ ತಪಾಸಣೆಗೂ ಕೂತ ಹಾಗೆ. ಅಂಥ ಕಡೆ ಸಹಿ ಹಾಕಿದ ಲಾಗ್ ಕಡತ, ಜತೆಗೆ ಹೊರಗಿನ ಸಂಸ್ಥೆಯೊಂದರಿಂದ ಆರ್‌ಎಫ್‌ಸಿ 3161 (ಇಂಟರ್‌ನೆಟ್ ಮಾನದಂಡದ ದಾಖಲೆ) ಮಾದರಿಯ ಕಾಲಮುದ್ರೆ ಸಾಕು. ಖರ್ಚೂ ಕಡಿಮೆ, ನಿದ್ದೆಯೂ ಬರುತ್ತದೆ.

ಒಬ್ಬರನ್ನೊಬ್ಬರು ಪೂರ್ತಿ ನಂಬದ ಎರಡು-ಮೂರು ಸಂಸ್ಥೆಗಳು ಒಂದೇ ದಾಖಲೆಯ ಮೇಲೆ ವಾದಕ್ಕೆ ಬೀಳುವ ಸಾಧ್ಯತೆ ಇದ್ದರೆ ಮುಂದೆ ಓದಿ. ಆಗಲೂ ಮೂರು ವಿಷಯ ಗೊತ್ತಿರಲಿ. ಚೈನ್ ಗುಟ್ಟು ಕಾಯುವುದಿಲ್ಲ. ಅದಕ್ಕೆ ಎನ್‌ಕ್ರಿಪ್ಷನ್ ಬೇಕು. ಆಮ್ಲಜನಕದ ಮಟ್ಟ ಅಳೆಯುವ ಬೆರಳಿನ ಪ್ರೋಬ್ ಸಡಿಲವಾಗಿ 78 ಎಂದು ತೋರಿಸಿದರೆ ಆ 78 ಅನ್ನೇ ಅದು ಶಾಶ್ವತವಾಗಿ ಇಟ್ಟುಕೊಳ್ಳುತ್ತದೆ. ಅಲಾರಂ ದಾರಿಯಲ್ಲಂತೂ ಅದಕ್ಕೆ ಕೆಲಸವೇ ಇಲ್ಲ: ಮಾನಿಟರ್‌ನಿಂದ ನರ್ಸ್ ಸ್ಟೇಷನ್‌ಗೆ ಹೋಗುವ ತಂತಿ ಈಗ ಹೇಗಿದೆಯೋ ಹಾಗೇ ಇರಬೇಕು. ನೀವು ಕಟ್ಟುವುದು ಪಕ್ಕದಲ್ಲಿ ಹರಿಯುವ ಇನ್ನೊಂದು ಕಾಲುವೆ. ಚೈನ್ ಇಡೀ ದಿನ ಬಿದ್ದುಕೊಂಡರೂ ರೋಗಿಯ ಆರೈಕೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಆಗಬಾರದು.

## ಬೇಕಾಗುವ ಸಲಕರಣೆ

- ಪ್ರತಿ ನಾಲ್ಕೈದು ಹಾಸಿಗೆಗೆ ಒಂದು ಗೇಟ್‌ವೇ: ಲಿನಕ್ಸ್ ಓಡುವ ಚಿಕ್ಕ ಕಂಪ್ಯೂಟರ್, ಯುಪಿಎಸ್ ಸಮೇತ
- ಪ್ರತಿ ಗೇಟ್‌ವೇಯಲ್ಲಿ ಒಂದು ಭದ್ರತಾ ಚಿಪ್ (ಮೈಕ್ರೋಚಿಪ್ ಕಂಪನಿಯ ಎಟಿಇಸಿಸಿ608 ಅಥವಾ ಒಂದು ಟಿಪಿಎಂ)
- ವಾರ್ಡ್ ಸರ್ವರ್ ಒಂದು, ಗೂಢಲಿಪಿಯ ಡೇಟಾ ಇಡಲು ಡೇಟಾಬೇಸ್ ಒಂದು, ಕೀಗಳನ್ನು ಕಾಯಲು ಪ್ರತ್ಯೇಕ ವ್ಯವಸ್ಥೆ ಒಂದು
- ಮೂರೂ ಸಂಸ್ಥೆಗಳಲ್ಲಿ ಡಾಕರ್ ಓಡುವ ಸರ್ವರ್, ಫ್ಯಾಬ್ರಿಕ್ 2.5 ಅಥವಾ ನಂತರದ ಆವೃತ್ತಿ
- ಬಯೋಮೆಡಿಕಲ್ ವಿಭಾಗದ ಒಬ್ಬರು, ಕಡ್ಡಾಯವಾಗಿ

ಕೊನೆಯದನ್ನು ಬಿಟ್ಟು ಹೊರಟ ಯೋಜನೆ ವಾರ್ಡಿನ ಬಾಗಿಲಲ್ಲೇ ನಿಲ್ಲುತ್ತದೆ. ಯಾವ ಮಾನಿಟರ್‌ನ ಯಾವ ಪೋರ್ಟ್ ಕೆಲಸ ಮಾಡುತ್ತದೆ ಎಂಬುದು ಕೈಪಿಡಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

## ಹಂತ 1: ಸಾಧನಗಳ ಪಟ್ಟಿ, ಬೇರೆ ನೆಟ್‌ವರ್ಕ್

ಪ್ರತಿ ಸಾಧನದ ಮಾದರಿ, ಸರಣಿ ಸಂಖ್ಯೆ, ಫರ್ಮ್‌ವೇರ್ ಆವೃತ್ತಿ, ಡೇಟಾ ಹೊರಬರುವ ದಾರಿ (ಸೀರಿಯಲ್ ಪೋರ್ಟ್, ಎಚ್‌ಎಲ್7 ಎಂಬ ವೈದ್ಯಕೀಯ ಸಂದೇಶ ಮಾದರಿ, ಬ್ಲೂಟೂತ್, ವೈಫೈ) ಬರೆದಿಡಿ. ಅವನ್ನೆಲ್ಲ ಆಸ್ಪತ್ರೆಯ ಉಳಿದ ಕಂಪ್ಯೂಟರ್‌ಗಳಿಂದ ಬೇರ್ಪಡಿಸಿ ಪ್ರತ್ಯೇಕ ವಿಎಲ್ಯಾನ್‌ಗೆ ಹಾಕಿ. ಬಿಲ್ಲಿಂಗ್ ಕೌಂಟರ್‌ನ ಕಂಪ್ಯೂಟರ್‌ನಿಂದ ಪಂಪ್‌ಗೆ ಪಿಂಗ್ ಹೋಗುತ್ತದೆ ಎಂದರೆ ಈ ಹಂತ ಮುಗಿದಿಲ್ಲ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್‌ಗಳನ್ನು ಈಗಲೇ ಬದಲಿಸಿ.

ಎಚ್ಚರಿಕೆ: ಸಾಧನದ ಫರ್ಮ್‌ವೇರ್ ಮುಟ್ಟಬೇಡಿ. 2020ರ ಏಪ್ರಿಲ್ 1ರಿಂದ ಭಾರತದಲ್ಲಿ ವೈದ್ಯಕೀಯ ಸಾಧನಗಳೆಲ್ಲ ಔಷಧ ಕಾಯ್ದೆಯ ನಿಯಂತ್ರಣಕ್ಕೆ ಬರುತ್ತವೆ. ಸಹಿ ಹಾಕುವ ತುಣುಕು ಸೇರಿಸುತ್ತೇನೆಂದು ಪಂಪ್‌ನ ಒಳಗೆ ಕೈಹಾಕಿದರೆ ಅದು ಪರವಾನಗಿ ಪಡೆದ ಸಾಧನವಾಗಿ ಉಳಿಯುವುದಿಲ್ಲ. ತಪ್ಪಾದರೆ ಹೊಣೆ ನಿಮ್ಮ ತಲೆಗೇ.

## ಹಂತ 2: ಗುರುತು ಕೊಡಿ

ಹೊಸ ಸಾಧನಗಳಲ್ಲಿ ತಯಾರಕರೇ ಕೀ (ಡಿಜಿಟಲ್ ಸಹಿ ಹಾಕಲು ಬಳಸುವ ಗುಟ್ಟಿನ ಸಂಖ್ಯೆ) ಇಟ್ಟುಕೊಟ್ಟಿದ್ದರೆ ಅದನ್ನೇ ಬಳಸಿ. ನಮ್ಮ ವಾರ್ಡುಗಳಲ್ಲಿರುವ ಬಹುಪಾಲು ಮಾನಿಟರ್‌ಗಳಲ್ಲಿ ಅದಿರುವುದಿಲ್ಲ. ಅವುಗಳ ಪರವಾಗಿ ಗೇಟ್‌ವೇ ಸಹಿ ಹಾಕಬೇಕು.

ಗೇಟ್‌ವೇಯ ಖಾಸಗಿ ಕೀ ಭದ್ರತಾ ಚಿಪ್‌ನೊಳಗೇ ಹುಟ್ಟಬೇಕು, ಅಲ್ಲಿಂದ ಎಂದೂ ಹೊರಬರಬಾರದು. ಎಟಿಇಸಿಸಿ608 ಚಿಪ್ ಪಿ-256 ವಕ್ರರೇಖೆಯ ಕೀ ಇಟ್ಟುಕೊಂಡು ತಾನೇ ಇಸಿಡಿಎಸ್‌ಎ ಸಹಿ ಹಾಕಿ ಕೊಡುತ್ತದೆ. ಹೊರಗೆ ಸಿಗುವುದು ಆ ಸಹಿಯನ್ನು ಪರಿಶೀಲಿಸಲು ಬಳಸುವ ಸಾರ್ವಜನಿಕ ಕೀ ಮಾತ್ರ. ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಪ್ರಾಧಿಕಾರದಿಂದ ಒಂದು ಪ್ರಮಾಣಪತ್ರ (ಈ ಕೀ ಇಂಥ ಗೇಟ್‌ವೇಯದೇ ಎಂದು ಖಚಿತಪಡಿಸುವ ಡಿಜಿಟಲ್ ಪತ್ರ) ಪಡೆಯಿರಿ.

ಇಲ್ಲಿ ಆಗುವ ದೊಡ್ಡ ತಪ್ಪು: ಒಂದು ಗೇಟ್‌ವೇ ಸಿದ್ಧಮಾಡಿ, ಅದರ ಎಸ್‌ಡಿ ಕಾರ್ಡನ್ನು ನಕಲು ಮಾಡಿ ಉಳಿದವಕ್ಕೂ ಹಾಕುವುದು. ಕೀ ಕಡತವಾಗಿ ಆ ಕಾರ್ಡ್‌ನಲ್ಲಿದ್ದರೆ ಎಲ್ಲ ಗೇಟ್‌ವೇಗಳೂ ಒಂದೇ ಹೆಸರಿನಲ್ಲಿ ಸಹಿ ಹಾಕತೊಡಗುತ್ತವೆ. ಆಮೇಲೆ ಒಂದನ್ನು ರದ್ದು ಮಾಡಹೊರಟರೆ ವಾರ್ಡಿಗೆ ವಾರ್ಡೇ ರದ್ದು.

ಗೇಟ್‌ವೇಗೂ ಮಾನಿಟರ್‌ಗೂ ನಡುವಿನ ಕೇಬಲ್ ನಿಮ್ಮ ಭರವಸೆಯ ಹೊರಗೆ ಉಳಿಯುತ್ತದೆ. ಅದನ್ನು ಮುಚ್ಚಿಡದೆ ವಿನ್ಯಾಸದ ದಾಖಲೆಯಲ್ಲಿ ಬರೆಯಿರಿ. ಗೇಟ್‌ವೇಯನ್ನು ಹಾಸಿಗೆಯ ಹಿಂದಿನ ಗೋಡೆಗೆ ಬೀಗದ ಪೆಟ್ಟಿಗೆಯಲ್ಲಿ ಬಿಗಿಯಿರಿ. ಬ್ಲೂಟೂತ್ ಸಾಧನವಾದರೆ ಜೋಡಣೆಯ ವಿಧಾನ ನೋಡಿ. "ಜಸ್ಟ್ ವರ್ಕ್ಸ್" ಎಂಬ ವಿಧಾನದಲ್ಲಿ ನಡುವೆ ನುಸುಳುವವನನ್ನು ತಡೆಯುವ ಶಕ್ತಿ ಇಲ್ಲ. ಅಂಕಿ ಹೋಲಿಸಿ ನೋಡುವ ಅಥವಾ ಪಾಸ್‌ಕೀ ಒತ್ತುವ ವಿಧಾನ ಆರಿಸಿಕೊಳ್ಳಿ.

## ಹಂತ 3: ಗಡಿಯಾರ ಸರಿಮಾಡಿ, ಕ್ರಮಸಂಖ್ಯೆ ಹಾಕಿ

ಮಾನಿಟರ್‌ಗಳ ಗಡಿಯಾರ ನಂಬಬೇಡಿ. ಒಳಗಿನ ಬ್ಯಾಟರಿ ಸತ್ತ ಮಾನಿಟರ್ ಪ್ರತಿ ಸಲ ಆನ್ ಮಾಡಿದಾಗಲೂ ಯಾವುದೋ ಹಳೆಯ ವರ್ಷಕ್ಕೆ ಹೋಗಿ ಕೂರುತ್ತದೆ. ಸಾಧನ ಹೇಳಿದ ಸಮಯ, ಗೇಟ್‌ವೇಗೆ ತಲುಪಿದ ಸಮಯ, ಎರಡನ್ನೂ ಇಡಿ. ಗೇಟ್‌ವೇಗಳನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ (ಸಮಯ ಹೊಂದಿಸುವ) ಸರ್ವರ್‌ಗೆ, ಇಲ್ಲವೇ ಅವುಗಳಿಗೆ ಹೊಂದಿಸಿದ ಸರ್ವರ್‌ಗೆ ಜೋಡಿಸಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಇದನ್ನೇ ಕೇಳುತ್ತದೆ. ಎಲ್ಲ ಸಮಯವೂ ಯುಟಿಸಿಯಲ್ಲಿರಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ. ಭಾರತೀಯ ಸಮಯ ಪರದೆಗೆ ಮಾತ್ರ. ಎರಡು ದಾಖಲೆಗಳ ನಡುವೆ ಸರಿಯಾಗಿ ಐದೂವರೆ ಗಂಟೆ ಅಂತರ ಕಂಡರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಪ್ರತಿ ರೀಡಿಂಗ್‌ಗೂ ಆಯಾ ಸಾಧನದ ಲೆಕ್ಕದಲ್ಲಿ ಒಂದೊಂದೇ ಹೆಚ್ಚುವ ಕ್ರಮಸಂಖ್ಯೆ ಕೊಡಿ. ಮಧ್ಯರಾತ್ರಿಯ ಹತ್ತು ನಿಮಿಷದ ದಾಖಲೆಯನ್ನು ಯಾರಾದರೂ ಎತ್ತಿಬಿಟ್ಟರೆ ಒಂದೊಂದು ರೀಡಿಂಗ್‌ನ ಹ್ಯಾಶ್‌ನಿಂದ (ಡೇಟಾದಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಸಂಕೇತ) ಅದು ಗೊತ್ತಾಗುವುದಿಲ್ಲ. ಉಳಿದವು ಸರಿಯಾಗಿಯೇ ಇರುತ್ತವಲ್ಲ. ನಡುವೆ ಕಾಣೆಯಾದ ಸಂಖ್ಯೆಗಳೇ ಕಳ್ಳತನವನ್ನು ತೋರಿಸುವುದು. ಹಳೆಯ ರೀಡಿಂಗ್ ಮತ್ತೆ ಕಳಿಸುವ ಮೋಸವೂ ಇದರಿಂದಲೇ ಸಿಕ್ಕಿಬೀಳುತ್ತದೆ. ಗೇಟ್‌ವೇ ರೀಬೂಟ್ ಆದಾಗ ಸಂಖ್ಯೆ ಸೊನ್ನೆಗೆ ಮರಳದಂತೆ ಡಿಸ್ಕ್‌ಗೆ ಬರೆದಿಡಿ.

## ಹಂತ 4: ಒಂದೇ ರೂಪಕ್ಕೆ ತನ್ನಿ, ಆಮೇಲೆ ಸಹಿ

ಶಾ-256 ಹ್ಯಾಶ್‌ಗೆ 98 ಬೇರೆ, 98.0 ಬೇರೆ. ನಡುವೆ ಒಂದು ಖಾಲಿ ಜಾಗ ಹೆಚ್ಚಾದರೂ 32 ಬೈಟ್‌ನ ಫಲಿತಾಂಶ ಪೂರ್ತಿ ಬದಲಾಗುತ್ತದೆ. "ಡೇಟಾ ಯಾರೂ ಮುಟ್ಟಿಲ್ಲ, ಆದರೂ ತಾಳೆಯಾಗುತ್ತಿಲ್ಲ" ಎಂಬ ಗೋಳಿನ ಮೂಲ ಹೆಚ್ಚಾಗಿ ಇದೇ: ಗೇಟ್‌ವೇ ಪೈಥಾನ್‌ನಲ್ಲಿ ಬರೆದದ್ದು, ಪರಿಶೀಲನೆ ಜಾವಾಸ್ಕ್ರಿಪ್ಟ್‌ನಲ್ಲಿ, ಎರಡೂ ಜೇಸನ್ (ಡೇಟಾವನ್ನು ಪಠ್ಯವಾಗಿ ಇಡುವ ಮಾದರಿ) ಬರೆಯುವ ಶೈಲಿ ಬೇರೆಬೇರೆ.

ಪರಿಹಾರ ಎರಡಿವೆ. ಜೇಸನ್ ಬೇಕೇಬೇಕೆಂದರೆ ಆರ್‌ಎಫ್‌ಸಿ 8785 ಹೇಳುವ ನಿಯತ ರೂಪ ಬಳಸಿ. ಹೊಸದಾಗಿ ಕಟ್ಟುವವರಿಗೆ ಸಿಬಾರ್‌ನ (ಅಂಥದ್ದೇ ಡೇಟಾವನ್ನು ಬೈಟ್‌ಗಳಲ್ಲಿ ಅಡಕವಾಗಿ ಇಡುವ ಮಾದರಿ) ನಿಯತ ರೂಪ ಇನ್ನೂ ಚೆನ್ನ. ಎರಡರಲ್ಲೂ ದಶಮಾಂಶ ಬೇಡ: ದೇಹದ ಉಷ್ಣತೆ 36.6 ಎಂಬುದನ್ನು 366 ಎಂಬ ಪೂರ್ಣಾಂಕವಾಗಿ, "ಹತ್ತರಿಂದ ಭಾಗಿಸು" ಎಂಬ ಸೂಚನೆಯೊಂದಿಗೆ ಇಡಿ.

ಒಂದು ರೀಡಿಂಗ್‌ನಲ್ಲಿ ಇರಬೇಕಾದ್ದು: ಸಾಧನದ ಗುರುತು, ಕ್ರಮಸಂಖ್ಯೆ, ಎರಡೂ ಸಮಯ, ಏನನ್ನು ಅಳೆದದ್ದೆಂಬ ಲಾಯಿಂಕ್ ಸಂಕೇತ (ಹೃದಯ ಬಡಿತಕ್ಕೆ 8867-4, ಪಲ್ಸ್ ಆಕ್ಸಿಮೀಟರ್ ರೀಡಿಂಗ್‌ಗೆ 59408-5), ಬೆಲೆ, ಏಕಮಾನ, ಫರ್ಮ್‌ವೇರ್ ಆವೃತ್ತಿ, "ಪ್ರೋಬ್ ಸಡಿಲ" ಎಂಬಂಥ ಗುಣಮಟ್ಟದ ಸೂಚನೆ. ರೋಗಿಯ ಹೆಸರಾಗಲಿ ಆಭಾ (ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆಯಾಗಲಿ ಇದರಲ್ಲಿ ಬೇಡ. ಯಾವ ಹಾಸಿಗೆಗೆ ಯಾವ ರೋಗಿ ಎಂಬ ಕೊಂಡಿ ಆಸ್ಪತ್ರೆಯ ದಾಖಲೆ ವ್ಯವಸ್ಥೆಯಲ್ಲೇ ಉಳಿಯಲಿ.

ಸೆಕೆಂಡಿಗೊಂದು ರೀಡಿಂಗ್ ಬರುವ ಕಡೆ ಪ್ರತಿಯೊಂದಕ್ಕೂ ಸಹಿ ಹಾಕಬಹುದು. ಸೆಕೆಂಡಿಗೆ 250 ಮಾದರಿ ಬರುವ ಇಸಿಜಿ ಅಲೆಗೆ ಅದು ಆಗದ ಮಾತು. ಹತ್ತು ಸೆಕೆಂಡಿನ ತುಂಡು ಮಾಡಿ ತುಂಡಿಗೊಂದು ಸಹಿ ಹಾಕಿ. ವಾರ್ಡ್ ಸರ್ವರ್‌ಗೆ ಕಳಿಸುವಾಗ ಎಂಕ್ಯುಟಿಟಿ (ಚಿಕ್ಕ ಸಾಧನಗಳ ಸಂದೇಶ ವಿಧಾನ) ಬಳಸಿದರೆ 8883 ಪೋರ್ಟ್, ಎರಡೂ ಕಡೆಯ ಪ್ರಮಾಣಪತ್ರದೊಂದಿಗೆ ಟಿಎಲ್‌ಎಸ್ (ದಾರಿಯುದ್ದಕ್ಕೂ ಗೂಢಲಿಪಿ). ಬರೀ 1883 ಪೋರ್ಟ್ ತೆರೆದಿದ್ದರೆ ರೀಡಿಂಗ್‌ಗಳು ಬಟ್ಟಬಯಲಲ್ಲಿ ಹೋಗುತ್ತಿವೆ ಎಂದೇ ಅರ್ಥ.

## ಹಂತ 5: ಡೇಟಾ ಚೈನ್ ಹೊರಗೆ, ಗೂಢಲಿಪಿಯಲ್ಲಿ

ನಿಜವಾದ ರೀಡಿಂಗ್‌ಗಳು ಸಾಮಾನ್ಯ ಡೇಟಾಬೇಸ್‌ನಲ್ಲಿ ಕೂರಲಿ. ರೋಗಿಯ ಪ್ರತಿ ದಾಖಲಾತಿಗೂ ಹೊಸ ಎಇಎಸ್-256 ಕೀ ಹುಟ್ಟಿಸಿ, ಜಿಸಿಎಂ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡಿ. ಒಂದೇ ಕೀ ಜತೆ ಒಂದೇ ನಾನ್ಸ್ (ಪ್ರತಿ ಸಲವೂ ಬೇರೆಯಾಗಬೇಕಾದ ಸಂಖ್ಯೆ) ಎರಡು ಸಲ ಬಂದರೆ ಜಿಸಿಎಂನ ಭದ್ರತೆ ಕುಸಿಯುತ್ತದೆ. ಗೇಟ್‌ವೇ ರೀಬೂಟ್ ಆದ ಮೇಲೆ ನಾನ್ಸ್‌ನ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆಯೇ ಎಂದು ಖಂಡಿತ ಪರೀಕ್ಷಿಸಿ. ಕೀಗಳು ಡೇಟಾ ಇರುವ ಸರ್ವರ್‌ನಲ್ಲೇ ಇರಬಾರದು.

ಪ್ರತಿ ರೀಡಿಂಗ್‌ಗೂ 16 ಬೈಟ್‌ನ ಯಾದೃಚ್ಛಿಕ ಉಪ್ಪು, ಅಂದರೆ ಊಹಿಸಲಾಗದ ಅಂಕಿಗಳ ಸಾಲ್ಟ್, ಸೇರಿಸಿ ಹ್ಯಾಶ್ ಮಾಡಿ. ಇದನ್ನು ಬಿಡುವವರೇ ಹೆಚ್ಚು. "ಹ್ಯಾಶ್ ಮಾಡಿದ್ದೇವೆ, ಇನ್ನು ಯಾರಿಗೂ ಗೊತ್ತಾಗದು" ಎಂಬ ಸಮಾಧಾನ ಸುಳ್ಳು. ಉದಾಹರಣೆಗೆ, ಮೊಬೈಲ್ ಸಂಖ್ಯೆಯ ಹ್ಯಾಶ್ ನೋಡಿ: 6, 7, 8, 9ರಿಂದ ಶುರುವಾಗುವ ಹತ್ತಂಕಿಯ ಮೊಬೈಲ್ ಸಂಖ್ಯೆಗಳು ಒಟ್ಟು 400 ಕೋಟಿ. ಗೇಮಿಂಗ್ ಗ್ರಾಫಿಕ್ಸ್ ಕಾರ್ಡೊಂದು ಸೆಕೆಂಡಿಗೆ ನೂರಾರು ಕೋಟಿ ಶಾ-256 ಹ್ಯಾಶ್ ಲೆಕ್ಕ ಹಾಕುತ್ತದೆ. ಚಹಾ ಆರುವುದರೊಳಗೆ ಪಟ್ಟಿ ಪೂರ್ತಿ ಸಿದ್ಧ. ಆಮ್ಲಜನಕದ ಮಟ್ಟವಂತೂ ನೂರೊಂದೇ ಬೆಲೆಗಳೊಳಗಿನ ಆಟ. ಉಪ್ಪಿಲ್ಲದ ಹ್ಯಾಶ್ ಚೈನ್‌ಗೆ ಹೋಯಿತೆಂದರೆ ರೋಗಿಯ ವಿವರವೇ ಹೋದಂತೆ. ಮರಳಿ ತೆಗೆಯಲು ದಾರಿಯಿಲ್ಲ.

## ಹಂತ 6: ಐದು ನಿಮಿಷಕ್ಕೊಂದು ಬೇರು

ಸೆಕೆಂಡಿಗೊಂದು ರೀಡಿಂಗ್ ಎಂದರೆ ಹಾಸಿಗೆಯೊಂದಕ್ಕೆ ದಿನಕ್ಕೆ 86,400. ಮೂವತ್ತು ಹಾಸಿಗೆಗೆ 25 ಲಕ್ಷ ದಾಟುತ್ತದೆ. ಒಂದೊಂದನ್ನೂ ಚೈನ್‌ಗೆ ಬರೆಯುವ ಯೋಚನೆ ಇಲ್ಲೇ ಕೈಬಿಡಿ.

ವಾರ್ಡ್ ಸರ್ವರ್ ಐದು ನಿಮಿಷದ ಎಲ್ಲ ಹಾಸಿಗೆಗಳ ಹ್ಯಾಶ್‌ಗಳನ್ನು ಎಲೆಗಳಾಗಿಟ್ಟು ಒಂದು ಮರ್ಕಲ್ ಮರ (ಹ್ಯಾಶ್‌ಗಳನ್ನು ಎರಡೆರಡಾಗಿ ಸೇರಿಸಿ ಮತ್ತೆ ಹ್ಯಾಶ್ ಮಾಡುತ್ತ ಕೊನೆಗೆ ಒಂದೇ ಹ್ಯಾಶ್, ಅಂದರೆ ಬೇರು, ಉಳಿಸುವ ರಚನೆ) ಕಟ್ಟಲಿ. ಎಲೆಗಳು 9,000, ಮರ 14 ಮೆಟ್ಟಿಲು. ಯಾವುದೇ ಒಂದು ರೀಡಿಂಗ್ ಆ ಮರದಲ್ಲಿತ್ತೆಂದು ತೋರಿಸಲು ಹೆಚ್ಚೆಂದರೆ 14 ಹ್ಯಾಶ್, ಅಂದರೆ 448 ಬೈಟ್ ಸಾಕು. ಚೈನ್‌ಗೆ ಹೋಗುವುದು ತುದಿಯ ಬೇರು-ಹ್ಯಾಶ್ ಒಂದೇ, ದಿನಕ್ಕೆ 288 ಸಲ.

ಹಾಸಿಗೆಗೊಂದು ಮರ ಬೇಡವೇ ಎಂದು ಕೇಳುವವರಿದ್ದಾರೆ. ಬೇಡ. ಹಾಸಿಗೆವಾರು ಬೇರು ಹೋದರೆ ಯಾವ ಹಾಸಿಗೆ ಎಷ್ಟು ದಿನ ತುಂಬಿತ್ತು, ಯಾವ ಗಳಿಗೆಯಲ್ಲಿ ರೀಡಿಂಗ್ ನಿಂತಿತು ಎಂಬುದು ಚೈನ್ ನೋಡುವ ಎಲ್ಲರಿಗೂ ತಿಳಿಯುತ್ತದೆ. ರೋಗಿಯ ಸಾವಿನ ಸಮಯ ವಿಮಾ ಕಂಪನಿಗೆ ಹೀಗೆ ತಿಳಿಯಬಾರದು.

ಮರ ಕಟ್ಟುವಾಗ ಎರಡು ತಾಂತ್ರಿಕ ಎಚ್ಚರ: ಆರ್‌ಎಫ್‌ಸಿ 6962ರಲ್ಲಿರುವಂತೆ ಹ್ಯಾಶ್ ಮಾಡುವ ಮೊದಲು ಎಲೆಯ ಡೇಟಾದ ಮುಂದೆ 0 ಎಂಬ ಬೈಟ್, ಒಳಗಂಟಿನ (ಎರಡು ಹ್ಯಾಶ್ ಕೂಡುವ ಜಾಗದ) ಡೇಟಾದ ಮುಂದೆ 1 ಎಂಬ ಬೈಟ್ ಸೇರಿಸಿ, ಇಲ್ಲವಾದರೆ ಗಂಟನ್ನೇ ಎಲೆಯೆಂದು ತೋರಿಸಿ ಮೋಸ ಮಾಡಬಹುದು. ಎಲೆಗಳು ಬೆಸವಾದಾಗ ಕೊನೆಯದನ್ನು ನಕಲು ಮಾಡಿ ಜೋಡಿ ಹೊಂದಿಸಬೇಡಿ. ಎರಡು ಬೇರೆ ಪಟ್ಟಿಗಳಿಗೆ ಒಂದೇ ಬೇರು ಬರುವ ದೋಷ ಬಿಟ್‌ಕಾಯಿನ್‌ನಲ್ಲಿ 2012ರಲ್ಲೇ ಪತ್ತೆಯಾಗಿದೆ.

## ಹಂತ 7: ಈಗ ಚೈನ್ ಕಟ್ಟಿ

ಮೂರೂ ಸಂಸ್ಥೆಗಳು ತಮ್ಮ ತಮ್ಮ ಜಾಗದಲ್ಲಿ, ತಮ್ಮ ಅಡ್ಮಿನ್‌ಗಳ ಕೈಯಲ್ಲಿ ಪೀರ್ (ಲೆಡ್ಜರ್ ಎಂಬ ದಾಖಲೆ ಪುಸ್ತಕದ ಪ್ರತಿ ಇಡುವ ನೋಡ್) ಮತ್ತು ಪ್ರಮಾಣಪತ್ರ ಪ್ರಾಧಿಕಾರ ನಡೆಸಬೇಕು. ರಾಫ್ಟ್ ಆರ್ಡರರ್ (ವಹಿವಾಟುಗಳನ್ನು ಒಪ್ಪಿತ ಕ್ರಮದಲ್ಲಿ ಜೋಡಿಸುವ ನೋಡ್) ಐದಿರಲಿ: ಆಸ್ಪತ್ರೆಗೆ ಎರಡು, ಟೆಲಿ-ಐಸಿಯುಗೆ ಎರಡು, ವಿಮಾ ಕಂಪನಿಗೆ ಒಂದು. ಐದರಲ್ಲಿ ಎರಡು ಬಿದ್ದರೂ ಜಾಲ ನಡೆಯುತ್ತದೆ. ಅಂದರೆ ಯಾವುದೇ ಒಂದು ಸಂಸ್ಥೆ ಪೂರ್ತಿ ಕೈಕೊಟ್ಟರೂ ಆರ್ಡರರ್‌ಗಳ ಕೆಲಸ ನಿಲ್ಲುವುದಿಲ್ಲ. ರಾಫ್ಟ್ ಸತ್ತ ನೋಡ್‌ಗಳನ್ನು ತಾಳಿಕೊಳ್ಳುತ್ತದೆ, ಸುಳ್ಳು ಹೇಳುವ ನೋಡ್‌ಗಳನ್ನು ತಾಳಿಕೊಳ್ಳುವುದಿಲ್ಲ. ಅದೂ ಬೇಕೆಂದರೆ ಫ್ಯಾಬ್ರಿಕ್ 3.0ರಿಂದ ಬಂದ ಸ್ಮಾರ್ಟ್‌ಬಿಎಫ್‌ಟಿ ನೋಡಿ.

ಕಲಿಯಲು ಕೊಡುವ ಟೆಸ್ಟ್-ನೆಟ್‌ವರ್ಕ್ ಸ್ಕ್ರಿಪ್ಟನ್ನೇ ಆಸ್ಪತ್ರೆಗೆ ಎತ್ತಿಕೊಂಡು ಹೋಗಬೇಡಿ. ಎಲ್ಲರ ಕೀಗಳನ್ನೂ ಅದು ಒಂದೇ ಯಂತ್ರದಲ್ಲಿ ಹುಟ್ಟಿಸುತ್ತದೆ.

ಅನುಮೋದನೆಯ ನಿಯಮ (ಒಂದು ವಹಿವಾಟನ್ನು ಯಾರು ಯಾರು ಒಪ್ಪಬೇಕು): ಆಸ್ಪತ್ರೆ ಮತ್ತು ಉಳಿದಿಬ್ಬರಲ್ಲಿ ಒಬ್ಬರು. ಆ ಇಬ್ಬರೂ ಸಂಪರ್ಕಕ್ಕೆ ಸಿಗದಿದ್ದರೆ ಬೇರುಗಳು ವಾರ್ಡ್ ಸರ್ವರ್‌ನ ಸಾಲಿನಲ್ಲಿ ಕಾಯಲಿ, ಸಂಪರ್ಕ ಬಂದಾಗ ಹೋಗಲಿ.

## ಹಂತ 8: ಚೈನ್‌ಕೋಡ್ ಚಿಕ್ಕದಾಗಿರಲಿ

ಚೈನ್‌ಕೋಡ್ ಎಂದರೆ ಪೀರ್‌ಗಳಲ್ಲಿ ಓಡುವ, ಲೆಡ್ಜರ್‌ಗೆ ಬರೆಯುವ ಪ್ರೋಗ್ರಾಂ. ಅದಕ್ಕೆ ನಾಲ್ಕು ಕೆಲಸ ಸಾಕು: ಸಾಧನ ನೋಂದಣಿ, ಸಾಧನ ರದ್ದು, ಬೇರು ಬರೆಯುವುದು, ಸಮ್ಮತಿಯ ಬದಲಾವಣೆ ಬರೆಯುವುದು. ಜನ ಸಿಕ್ಕಿಬೀಳುವುದು ಈ ಮೂರು ಕಡೆ:

ಚೈನ್‌ಕೋಡ್ ಒಳಗೆ ಕಂಪ್ಯೂಟರ್‌ನ ಗಡಿಯಾರ ಓದಿದರೆ ಆಸ್ಪತ್ರೆಯ ಪೀರ್‌ಗೆ ಒಂದು ಉತ್ತರ, ಟೆಲಿ-ಐಸಿಯು ಪೀರ್‌ಗೆ ಇನ್ನೊಂದು. ಅನುಮೋದನೆಗಳು ತಾಳೆಯಾಗದೆ ವಹಿವಾಟು ಬಿದ್ದುಹೋಗುತ್ತದೆ. ವಹಿವಾಟಿನ ಜತೆಗೇ ಬರುವ ಕಾಲಮುದ್ರೆ ಬಳಸಿ.

"ಇತ್ತೀಚಿನ ಬೇರು" ಎಂಬ ಒಂದೇ ಕೀಯನ್ನು ಮತ್ತೆ ಮತ್ತೆ ಓದಿ ತಿದ್ದಿದರೆ, ಒಂದೇ ಬ್ಲಾಕ್‌ಗೆ ಎರಡು ವಾರ್ಡ್‌ಗಳ ವಹಿವಾಟು ಬಂದಾಗ ಎಂವಿಸಿಸಿ ಘರ್ಷಣೆ ಎಂಬ ದೋಷ ಬರುತ್ತದೆ. ವಾರ್ಡ್ ಹೆಸರು ಮತ್ತು ಕಂತಿನ ಸಂಖ್ಯೆ ಸೇರಿಸಿ ಪ್ರತಿ ಬೇರಿಗೂ ಹೊಸ ಕೀ ಕೊಡಿ.

ಮೂರನೆಯದು ಕಣ್ಣಿಗೆ ಬೀಳದ ಸೋರಿಕೆ. ಖಾಸಗಿ ಡೇಟಾ ಸಂಗ್ರಹ ಬಳಸುತ್ತೇವೆಂದು ನಿಶ್ಚಿಂತರಾಗಿ, ಗುಟ್ಟಿನ ವಿವರವನ್ನು ಸಾಮಾನ್ಯ ಆರ್ಗ್ಯುಮೆಂಟ್ ಆಗಿ ಕಳಿಸುತ್ತಾರೆ. ಆರ್ಗ್ಯುಮೆಂಟ್‌ಗಳು ವಹಿವಾಟಿನ ಭಾಗವಾಗಿ ಎಲ್ಲರ ಲೆಡ್ಜರ್‌ನಲ್ಲೂ ಉಳಿಯುತ್ತವೆ. ಅಂಥದ್ದನ್ನು ಲೆಡ್ಜರ್‌ನಲ್ಲಿ ಉಳಿಯದ ಟ್ರಾನ್ಸಿಯೆಂಟ್ ಕ್ಷೇತ್ರದ ಮೂಲಕವೇ ಕಳಿಸಬೇಕು.

## ಹಂತ 9: ಸಮ್ಮತಿ ಮತ್ತು ಅಳಿಸುವಿಕೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಮ್ಮತಿ ಹಿಂಪಡೆಯುವ, ತಿದ್ದಿಸುವ, ಅಳಿಸಿಸುವ ಹಕ್ಕು ಕೊಡುತ್ತದೆ. ದಂಡದ ಮಿತಿ 250 ಕೋಟಿ ರೂಪಾಯಿವರೆಗೆ ಹೋಗುತ್ತದೆ. ಇತ್ತ ಚೈನ್‌ನಲ್ಲಿ ಅಳಿಸುವ ಗುಂಡಿಯೇ ಇಲ್ಲ. ಹಂತ 5ರಲ್ಲಿ ದಾಖಲಾತಿಗೊಂದು ಕೀ ಮಾಡಿದ್ದು ಈ ಹೊತ್ತಿಗಾಗಿಯೇ. ಆ ಕೀ ನಾಶ ಮಾಡಿದರೆ ರೀಡಿಂಗ್ ಮತ್ತು ಉಪ್ಪು ಎರಡೂ ಓದಲಾಗದ ಬೂದಿ. ಚೈನ್‌ನಲ್ಲಿರುವ ಬೇರಿನಿಂದ ಏನನ್ನೂ ಹಿಂದಕ್ಕೆ ಎಳೆಯಲಾಗದು. ಕೀಯ ಬ್ಯಾಕಪ್ ಪ್ರತಿಗಳೂ ನಾಶವಾಗಬೇಕು, ಮರೆತುಹೋಗುವುದು ಅವೇ.

ಆದರೆ ಕೇಳಿದ ತಕ್ಷಣ ಅಳಿಸುವಂತಿಲ್ಲ. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮ ಹೇಳುತ್ತದೆ, ಪೊಲೀಸ್ ಪ್ರಕರಣವಾದರೆ ವಿಷಯ ಬೇರೆ. ಕೀ ನಾಶದ ಆದೇಶಕ್ಕೆ ವೈದ್ಯಕೀಯ ದಾಖಲೆ ವಿಭಾಗದ ಒಪ್ಪಿಗೆ ಕಡ್ಡಾಯ ಮಾಡಿ.

## ಹಂತ 10: ಕೆಡಿಸಿ ನೋಡಿ

ಡೇಟಾಬೇಸ್‌ನಲ್ಲಿ ಒಂದು ರೀಡಿಂಗ್ ಬದಲಿಸಿ. ಹತ್ತು ನಿಮಿಷದ ಸಾಲುಗಳನ್ನು ಅಳಿಸಿ. ನಿನ್ನೆಯ ರೀಡಿಂಗ್‌ಗಳನ್ನು ಇವತ್ತು ಮತ್ತೆ ಕಳಿಸಿ. ಗೇಟ್‌ವೇಯ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿ. ರದ್ದಾದ ಪ್ರಮಾಣಪತ್ರದಿಂದ ಸಹಿ ಹಾಕಿಸಿ. ಕೊನೆಗೆ ಒಂದು ಸಂಸ್ಥೆಯ ಸರ್ವರ್‌ಗಳ ವಿದ್ಯುತ್ತನ್ನೇ ತೆಗೆಯಿರಿ. ಪ್ರತಿಯೊಂದೂ ಸಿಕ್ಕಿಬೀಳಬೇಕು, ವಾರ್ಡಿನ ಅಲಾರಂ ಮಾತ್ರ ಎಂದಿನಂತೆ ಕೂಗುತ್ತಿರಬೇಕು.

ಪರಿಶೀಲಿಸುವ ಪ್ರೋಗ್ರಾಂ ವಿಮಾ ಕಂಪನಿಯ ಅಥವಾ ಟೆಲಿ-ಐಸಿಯುನ ಕಂಪ್ಯೂಟರ್‌ನಲ್ಲಿ, ಅವರದೇ ಪೀರ್‌ನಿಂದ ಬೇರು ಓದಿ ಓಡಬೇಕು. ಆಸ್ಪತ್ರೆಯ ವೆಬ್‌ಪುಟದಲ್ಲಿ ಹಸಿರು ಟಿಕ್ ಬಂದದ್ದಕ್ಕೆ ಬೆಲೆಯಿಲ್ಲ.

## ನಡೆಯುತ್ತಿರುವಾಗ ಗಮನಿಸಬೇಕಾದ ಸೂಚನೆಗಳು

ಲೆಡ್ಜರ್ ಗಾತ್ರ ದಿನದಿಂದ ದಿನಕ್ಕೆ ಲೆಕ್ಕ ಮೀರಿ ಬೆಳೆದರೆ ಯಾರೋ ರೀಡಿಂಗ್‌ಗಳನ್ನೇ ಒಳಗೆ ತಳ್ಳುತ್ತಿದ್ದಾರೆ. ದಿನಕ್ಕೆ 288 ಬೇರು ಬರಬೇಕಾದಲ್ಲಿ 280 ಬಂದರೆ ವಾರ್ಡ್ ಸರ್ವರ್‌ನ ಸಾಲು ತುಂಬುತ್ತಿದೆ. ಎಲ್ಲ ಹಾಸಿಗೆಗಳ ಕ್ರಮಸಂಖ್ಯೆಯೂ ಒಟ್ಟಿಗೆ ಜಿಗಿದರೆ ವಿದ್ಯುತ್ ವ್ಯತ್ಯಯ ಇರಬಹುದು. ಒಂದೇ ಹಾಸಿಗೆಯದು, ಅದೂ ಪ್ರತಿ ರಾತ್ರಿ ಅದೇ ಹೊತ್ತಿಗೆ ಜಿಗಿದರೆ ಹೋಗಿ ನೋಡಿ. ಸಂಪರ್ಕಿತ ಸಾಧನಗಳ ಮೇಲೆ ದಾಳಿಯಾದದ್ದು ತಿಳಿದ 6 ಗಂಟೆಯೊಳಗೆ ಸರ್ಟ್-ಇನ್‌ಗೆ ವರದಿ ಹೋಗಬೇಕು, 180 ದಿನಗಳ ಲಾಗ್ ಕೈಯಲ್ಲಿರಬೇಕು. ಹಾಗಾಗಿ ರಾತ್ರಿ ಪಾಳಿಯವರಿಗೂ ಯಾರಿಗೆ ಫೋನ್ ಮಾಡಬೇಕೆಂದು ಗೊತ್ತಿರಲಿ.

ಫ್ಯಾಬ್ರಿಕ್‌ನ ಪ್ರಮಾಣಪತ್ರ ಪ್ರಾಧಿಕಾರ ಕೊಡುವ ಪ್ರಮಾಣಪತ್ರಗಳ ಅವಧಿ, ನೀವು ಬದಲಿಸದಿದ್ದರೆ, ಒಂದು ವರ್ಷ. ಯಾರೂ ಏನೂ ಮುಟ್ಟದೆ ವರ್ಷವಿಡೀ ಚೆನ್ನಾಗಿ ನಡೆದ ಜಾಲ ಒಂದು ಬೆಳಿಗ್ಗೆ ಪೂರ್ತಿ ನಿಂತುಹೋಯಿತೆಂದರೆ ದಾಳಿಕೋರರನ್ನು ಹುಡುಕುವ ಮೊದಲು ಆರ್ಡರರ್‌ಗಳ ಟಿಎಲ್‌ಎಸ್ ಪ್ರಮಾಣಪತ್ರದ ಕೊನೆಯ ದಿನಾಂಕ ನೋಡಿ. ಆ ದಿನಾಂಕಕ್ಕೆ 60 ದಿನ ಮೊದಲೇ, ಮೂರೂ ಸಂಸ್ಥೆಗಳ ಕ್ಯಾಲೆಂಡರ್‌ನಲ್ಲಿ, ಹುದ್ದೆಯ ಹೆಸರಿಗೆ ಜ್ಞಾಪನೆ ಹಾಕಿಡಿ. ವ್ಯಕ್ತಿಯ ಹೆಸರಿಗೆ ಹಾಕಿದರೆ ಅಷ್ಟರಲ್ಲಿ ಅವರು ಕೆಲಸ ಬಿಟ್ಟಿರುತ್ತಾರೆ.